ಐಇಎಲ್‌ಟಿಎಸ್ (ವಿದೇಶದಲ್ಲಿ ಓದಲು ಬರೆಯುವ ಇಂಗ್ಲಿಷ್ ಪರೀಕ್ಷೆ) ಅಂಕ ಕಡಿಮೆ ಬಂದವರಿಗೆ ವಿದೇಶದ ವಿಶ್ವವಿದ್ಯಾಲಯಗಳು ಮಾಡಿಸುವ ಇಂಗ್ಲಿಷ್ ಕೋರ್ಸ್‌ನಲ್ಲಿ ಏನು ಕಲಿಸುತ್ತಾರೆ? ವಿಜಯಪುರದಲ್ಲೇ ಕೋಚಿಂಗ್ ತಗೊಂಡರೆ ಸಾಲದೇ?

ಎರಡೂ ಬೇರೆ ಬೇರೆ. ಕೋಚಿಂಗ್‌ನಲ್ಲಿ ಪರೀಕ್ಷೆಯ ರೀತಿ ಕಲಿಸುತ್ತಾರೆ. ಐಇಎಲ್‌ಟಿಎಸ್ ಬರವಣಿಗೆಯಲ್ಲಿ 60 ನಿಮಿಷಕ್ಕೆ ಎರಡು ಪ್ರಶ್ನೆ, ದೊಡ್ಡದಕ್ಕೆ ಕನಿಷ್ಠ 250 ಪದ. ಆದರೆ ಮಾಸ್ಟರ್ಸ್ ಓದುವಾಗ ಸಾವಿರಾರು ಪದಗಳ ಪ್ರಬಂಧ ಕೇಳುತ್ತಾರೆ. ಹತ್ತಾರು ಲೇಖನ ಓದಿ, ಯಾರು ಏನು ಹೇಳಿದ್ದಾರೆ ಅಂತ ನಿಮ್ಮ ಮಾತಿನಲ್ಲೇ ಬರೆದು, ಮೂಲ ಯಾವುದು ಅಂತಲೂ ತೋರಿಸಬೇಕು. ನಮ್ಮಲ್ಲಿ ಗೈಡ್‌ನಲ್ಲಿದ್ದದ್ದನ್ನು ಬಾಯಿಪಾಠ ಮಾಡಿ ಬರೆದರೂ ಅಂಕ ಬರುತ್ತದೆ, ಅಲ್ವಾ? ಅಲ್ಲಿ ಅದನ್ನೇ ಕೃತಿಚೌರ್ಯ ಅಂತಾರೆ, ಶಿಕ್ಷೆಯೂ ಆಗಬಹುದು. ಹಾಗಾಗಿ ನನ್ನ ಪ್ರಕಾರ ನಿಮ್ಮ ಮಾತಿನಲ್ಲಿ ಬರೆದು ಮೂಲ ತೋರಿಸುವುದನ್ನು ಕಲಿಸುವುದೇ ಈ ಕೋರ್ಸ್‌ನ ಜೀವಾಳ. ಜೊತೆಗೆ ಉಪನ್ಯಾಸ ಕೇಳುತ್ತಾ ನೋಟ್ಸ್ ಬರೆಯುವುದು, ಸೆಮಿನಾರ್‌ನಲ್ಲಿ ಸರ್ ಹೇಳಿದ್ದಕ್ಕೂ ಪ್ರಶ್ನೆ ಹಾಕುವುದು.

ಬ್ರಿಟನ್ನಿನಲ್ಲಿ ಇದಕ್ಕೆ ಪ್ರೀ-ಸೆಷನಲ್ ಅಂತಾರೆ. ಸಾಮಾನ್ಯವಾಗಿ ಬೇಸಿಗೆಯಲ್ಲಿ, 6ರಿಂದ 12 ವಾರ; ಅಂಕ ಕಡಿಮೆ ಇದ್ದಷ್ಟೂ ಅವಧಿ ಜಾಸ್ತಿ. ಅಮೆರಿಕದಲ್ಲಿ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಇಂಥ ಇಂಗ್ಲಿಷ್ ಕೋರ್ಸ್ ಮಾಡುವವರಿಗೆ ವಾರಕ್ಕೆ ಕನಿಷ್ಠ 18 ಗಂಟೆ ತರಗತಿ ಇರಬೇಕು. ಶುಲ್ಕ ಸಾಮಾನ್ಯವಾಗಿ ಬೇರೆ. ಬ್ಯಾಂಕ್ ಸಾಲ ಕೇಳುವಾಗಲೇ ಅದನ್ನೂ ಸೇರಿಸಿ.

ವಿಜಯಪುರ, ಬಾಗಲಕೋಟೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ವ್ಯಾಕರಣದಲ್ಲಿ ಏನೂ ಹಿಂದಿಲ್ಲ. ಬಾಯಿ ಬಿಟ್ಟು ಮಾತಾಡಲು ಅಳುಕುತ್ತಾರೆ, ಅಷ್ಟೇ. ಅದಕ್ಕೇ ದುಡ್ಡು ಹೊಂದಿಸಲು ಆದರೆ, ಬೇಕಾದ ಅಂಕ ಬಂದವರೂ ಈ ಕೋರ್ಸ್ ಮಾಡಲಿ ಅಂತ ನನಗನ್ನಿಸುತ್ತದೆ. ಹೊರಡುವ ಮೊದಲು ಊರಲ್ಲೇ ಒಂದು ಕೆಲಸ ಶುರು ಮಾಡಿ: ನಿಮ್ಮ ವಿಷಯದ ಎನ್‌ಪಿಟಿಇಎಲ್ (ಐಐಟಿ ಮುಂತಾದವುಗಳ ಆನ್‌ಲೈನ್ ವಿಡಿಯೊ) ಪಾಠವನ್ನು ಸಬ್‌ಟೈಟಲ್ ಇಲ್ಲದೆ ಕೇಳಿ, ಅರ್ಧ ಪುಟ ಬರೆದು, ಗೆಳೆಯರಿಗೆ ಇಂಗ್ಲಿಷ್‌ನಲ್ಲೇ ವಿವರಿಸಿ.