ಸುಜುಕಿ ಕಪ್ಲಿಂಗ್ ಕೈಕೊಡುತ್ತಿದೆ, ಇನ್ನೂ ದುಬಾರಿ ಪಲ್ಲಾಡಿಯಂ ಕ್ಯಾಟಲಿಸ್ಟ್ ತರಿಸಲೇ?

ಬೇಡ. ಆರಿಲ್ ಬ್ರೋಮೈಡನ್ನೂ ಬೊರೋನಿಕ್ ಆಮ್ಲವನ್ನೂ ಪಲ್ಲಾಡಿಯಂ ನೆರವಿನಿಂದ ಬೆಸೆಯುವ ಈ ಕ್ರಿಯೆಗೆ ಟೆಟ್ರಾಕಿಸ್ (ಪಲ್ಲಾಡಿಯಂಗೆ ನಾಲ್ಕು ಟ್ರೈಫಿನೈಲ್ ಫಾಸ್ಫೀನ್ ಅಂಟಿದ ಕ್ಯಾಟಲಿಸ್ಟ್) ಹಾಕಿ ಬಿಸಿ ಮಾಡಿದ ಹತ್ತೇ ನಿಮಿಷಕ್ಕೆ ಹಳದಿ ದ್ರಾವಣ ಕಪ್ಪಾಗುತ್ತದೆ ಅಂದಿದ್ದೀರಲ್ಲ, ಆ ಕಪ್ಪನ್ನು ನಾನು ಪಿಎಚ್‌ಡಿಯಲ್ಲಿ ನಾಲ್ಕು ತಿಂಗಳು ನೋಡಿದ್ದೇನೆ.

ನನ್ನದೂ ಆರಿಲ್ ಬ್ರೋಮೈಡೇ, ಅಂದರೆ ಬೆಂಜೀನ್‌ನಂಥ ಉಂಗುರಕ್ಕೆ ಬ್ರೋಮಿನ್ ಅಂಟಿದ ಅಣು. ಫ್ಲಾಸ್ಕಿನ ಗೋಡೆಗೆ ಲೋಹ ಕನ್ನಡಿಯಂತೆ ಅಂಟುತ್ತಿತ್ತು. ಟಿಎಲ್‌ಸಿಯಲ್ಲಿ (ಮಿಶ್ರಣದಲ್ಲಿರುವುದನ್ನು ಬೇರೆ ಬೇರೆ ಚುಕ್ಕೆಗಳಾಗಿ ತೋರಿಸುವ ಪರೀಕ್ಷೆ) ಬ್ರೋಮೈಡ್ ಹಾಗೇ ಕೂತಿರುತ್ತಿತ್ತು. ಬೋರಾನ್‌ಗೆ ಆರಿಲ್ ಗುಂಪು ಅಂಟಿರುವ ಬೊರೋನಿಕ್ ಆಮ್ಲ ಮಾತ್ರ ತನಗೆ ತಾನೇ ಜೋಡಿಯಾಗಿ ಮುಗಿದಿರುತ್ತಿತ್ತು. ಲಿಗ್ಯಾಂಡ್ (ಪಲ್ಲಾಡಿಯಂಗೆ ಅಂಟಿ ಅದನ್ನು ಕಾಯುವ ಅಣು) ಬದಲಿಸಿದೆ, ಬೇಸ್ (ಪ್ರತ್ಯಾಮ್ಲ) ಬದಲಿಸಿದೆ, ಕ್ಯಾಟಲಿಸ್ಟನ್ನು 2 ಮೋಲ್ ಶೇಕಡಾದಿಂದ 10ಕ್ಕೆ ಏರಿಸಿದೆ. ಕಪ್ಪು ಇನ್ನೂ ದಟ್ಟವಾಯಿತು.

ಕೊನೆಗೆ ಆ ಕಪ್ಪು ದ್ರಾವಣವನ್ನೇ ಸೋಸಿ, ಫಾಸ್ಫರಸ್ ಯಾವ ರೂಪದಲ್ಲಿದೆ ಎಂದು ತೋರಿಸುವ ಫಾಸ್ಫರಸ್ ಎನ್‌ಎಂಆರ್‌ಗೆ ಕೊಟ್ಟೆ. ಟ್ರೈಫಿನೈಲ್ ಫಾಸ್ಫೀನ್ ಇರಬೇಕಾದ ಮೈನಸ್ 5 ಪಿಪಿಎಂ ಬಳಿ ಏನೂ ಇಲ್ಲ. ಇದ್ದದ್ದೆಲ್ಲ ಫಾಸ್ಫೀನ್ ಆಕ್ಸೈಡ್.

ಮಾಡಿದ ತಪ್ಪು ಇದು. ದ್ರಾವಕವಾದ ಡಯಾಕ್ಸೇನ್‌ನಲ್ಲಿ ಅರ್ಧ ಗಂಟೆ ಶ್ರದ್ಧೆಯಿಂದ ಆರ್ಗಾನ್ ಹಾಯಿಸಿ, ಆಮೇಲೆ ಅದನ್ನು ಗಾಳಿ ತುಂಬಿದ ಫ್ಲಾಸ್ಕಿಗೆ ಸುರಿದು, ಮೇಲೊಂದು ಆರ್ಗಾನ್ ಬಲೂನ್ ಚುಚ್ಚುತ್ತಿದ್ದೆ. ಬಲೂನ್ ಇದೆಯಲ್ಲ, ಗಾಳಿ ಹೋಗಿರುತ್ತದೆ ಎಂದು ನಂಬಿದ್ದೆ. ಹೋಗುವುದಾದರೂ ಎಲ್ಲಿಂದ? ಹೊರದಾರಿಯೇ ಇರಲಿಲ್ಲ. ಲೆಕ್ಕ ಹಾಕಿ: 50 ಮಿಲಿಲೀಟರ್ ಗಾಳಿಯಲ್ಲಿ ಸುಮಾರು 10 ಮಿಲಿಲೀಟರ್ ಆಮ್ಲಜನಕ, ಅಂದರೆ 0.4 ಮಿಲಿಮೋಲ್. ನನ್ನ ಪಲ್ಲಾಡಿಯಂ 0.01, ಅದರ ಜೊತೆಗಿದ್ದ ಫಾಸ್ಫೀನ್ 0.04. ಆಮ್ಲಜನಕದ ಒಂದು ಅಣು ಎರಡು ಫಾಸ್ಫೀನ್‌ಗಳನ್ನು ಆಕ್ಸೈಡ್ ಮಾಡಬಲ್ಲದು. ಕ್ಯಾಟಲಿಸ್ಟ್ ಐದು ಪಟ್ಟಾದರೂ ಅದರ ಮುಂದೆ ಏನೂ ಅಲ್ಲ.

"ಯಾವ ಕ್ಯಾಟಲಿಸ್ಟ್" ಎಂಬ ಪ್ರಶ್ನೆಯೇ ಸರಿಯಿಲ್ಲ ಅನ್ನುವುದು ಅದಕ್ಕೇ. ಬಾಟಲಿಯಲ್ಲಿರುವುದು ಕೆಲಸ ಮಾಡುವ ಕ್ಯಾಟಲಿಸ್ಟ್ ಅಲ್ಲ. ಅದರ ನಾಲ್ಕು ಫಾಸ್ಫೀನ್‌ಗಳಲ್ಲಿ ಎರಡು ಕಳಚಿದ ಮೇಲಷ್ಟೇ ಶೂನ್ಯ ಸ್ಥಿತಿಯ (ಆವೇಶವಿಲ್ಲದ) ಪಲ್ಲಾಡಿಯಂ ಕಾರ್ಬನ್-ಬ್ರೋಮಿನ್ ಬಂಧದೊಳಗೆ ನುಗ್ಗುತ್ತದೆ, ಬೇಸ್ ನೆರವಿನಿಂದ ಬೋರಾನ್‌ನ ಆರಿಲ್ ಗುಂಪನ್ನು ಪಡೆಯುತ್ತದೆ, ಎರಡನ್ನೂ ಬೆಸೆದು ಕೊಟ್ಟು ಮತ್ತೆ ಶೂನ್ಯಕ್ಕೆ ಮರಳುತ್ತದೆ. ಕಾಯುವ ಫಾಸ್ಫೀನ್ ಇಲ್ಲದಿದ್ದರೆ ಲೋಹದ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಪುಡಿಯಾಗುತ್ತವೆ. ಬೊರೋನಿಕ್ ಆಮ್ಲ ತನ್ನಲ್ಲೇ ಜೋಡಿಯಾಗುವುದಕ್ಕೂ ಕುಮ್ಮಕ್ಕು ಆಮ್ಲಜನಕದ್ದೇ.

ನಿಮ್ಮದು ಆರಿಲ್ ಕ್ಲೋರೈಡ್ ಆಗಿದ್ದರೆ ದಪ್ಪ ಲಿಗ್ಯಾಂಡ್ ಬೇಕು ಅನ್ನುವುದನ್ನು ಒಪ್ಪುತ್ತಿದ್ದೆ. ಬ್ರೋಮೈಡ್‌ಗೆ ಇಷ್ಟು ಮಾಡಿ: ಒಣ ಪುಡಿಗಳಿರುವ ಫ್ಲಾಸ್ಕಿಗೆ ವ್ಯಾಕ್ಯೂಮ್ ಎಳೆದು ಆರ್ಗಾನ್ ತುಂಬಿ, ಮೂರು ಸಲ. ಬೇಸ್ ಕರಗಿಸಿದ ನೀರಿನಲ್ಲೂ ಆರ್ಗಾನ್ ಹಾಯಿಸಿ. ಕ್ಯಾಟಲಿಸ್ಟ್ ಕೊನೆಗೆ ಹಾಕಿ; ಅದರ ಹಳದಿ ಮಾಸಿ ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಬಳಸಲೇಬೇಡಿ. ನಾನು ಹೀಗೆ ಮಾಡಿದ ದಿನ ಅದೇ ಟೆಟ್ರಾಕಿಸ್, ಅದೇ 2 ಶೇಕಡಾ. ಸಂಜೆಯಾದರೂ ದ್ರಾವಣ ಹಳದಿಯಾಗಿಯೇ ಇತ್ತು, ಟಿಎಲ್‌ಸಿಯಲ್ಲಿ ಬ್ರೋಮೈಡ್ ಚುಕ್ಕೆ ಕಾಣಲಿಲ್ಲ.