ಉಬಿನ್ ದ್ವೀಪ: ಕಾಡು ಉಳಿಯಿತು, ಊರಿನ ಕಥೆ ಏನು?

ಸಿಂಗಪುರದ ಪುಲಾವ್ ಉಬಿನ್ ದ್ವೀಪದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಕರಾವಳಿ ಪರಿಸರ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಸಿಂಗಪುರದಲ್ಲಿರುವ ಮಗಳ ಮನೆಗೆ ಹೋದಾಗ ಚಾಂಗಿಯಿಂದ ದೋಣಿ ಹತ್ತಿ ಉಬಿನ್ ನೋಡಿ ಬಂದೆವು. ಹತ್ತು ನಿಮಿಷದ ದಾರಿ ಅಷ್ಟೆ. ಆಚೆ ದಡದಲ್ಲಿ ತಗಡಿನ ಮನೆ, ಬಾವಿ, ಓಡಾಡುವ ಕೋಳಿ! ಒಂದಂಗುಲ ಜಾಗಕ್ಕೂ ಲೆಕ್ಕ ಹಾಕುವ ದೇಶ ಇದನ್ನು ಹೇಗೆ ಹಾಗೇ ಬಿಟ್ಟಿತು? ಮೊದಲೇ ಯೋಚಿಸಿ ಉಳಿಸಿಕೊಂಡದ್ದಾ?

ಮೊದಲೇ ಯೋಚಿಸಿದ್ದಲ್ಲ. ಬಹಳ ಕಾಲ ಆ ದ್ವೀಪ ಉಳಿದದ್ದು ಅದರ ಕಡೆ ಯಾರೂ ಜಾಸ್ತಿ ಗಮನ ಕೊಡದೆ ಇದ್ದದ್ದರಿಂದ.

ಉಬಿನ್ ಸುಮಾರು 10 ಚದರ ಕಿಲೋಮೀಟರ್ ಇದೆ. ಅಡಿಗೆಲ್ಲ ಗ್ರಾನೈಟ್. 19ನೇ ಶತಮಾನದ ನಡುಭಾಗದಿಂದ ಅಲ್ಲಿ ಕಲ್ಲು ಒಡೆಯುವುದೇ ಮುಖ್ಯ ಕೆಲಸ. 1851ರಲ್ಲಿ ಕಟ್ಟಿ ಮುಗಿಸಿದ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೆ ಕಲ್ಲು ಹೋದದ್ದು ಇಲ್ಲಿಂದಲೇ. ಸಿಂಗಪುರವನ್ನು ಮಲೇಷ್ಯಾದ ಜೋಹೋರ್‌ಗೆ ಜೋಡಿಸುವ, 1924ರಲ್ಲಿ ಉದ್ಘಾಟನೆಯಾದ ಕಾಸ್‌ವೇ ರಸ್ತೆಗೂ ಇಲ್ಲಿಯ ಕಲ್ಲು ಹೋಗಿದೆ. ಕೊನೆಯ ಕ್ವಾರಿ ಮುಚ್ಚಿದ್ದು 1999ರಲ್ಲಿ. ನೀವು ನೋಡಿದ ಹಸಿರು ಕೆರೆಗಳೆಲ್ಲ ನೀರು ತುಂಬಿಕೊಂಡ ಕ್ವಾರಿ ಗುಂಡಿಗಳು. ಹಾಗಾಗಿ ಇದು ಮನುಷ್ಯ ಕಾಲಿಡದ ಕಾಡಲ್ಲ. ರಬ್ಬರ್ ತೋಟ, ಸಿಗಡಿ ಕೊಳ, ಕಲ್ಲಿನ ಗುಂಡಿ ಎಲ್ಲ ಆದ ಮೇಲೆ ಮತ್ತೆ ಚಿಗುರಿದ ಕಾಡು. ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಡಿಸಿದ ನೆಲ ಎಂದು ಕೈಬಿಟ್ಟ ಜಾಗವೂ ಸಮಯ ಕೊಟ್ಟರೆ ಎದ್ದು ನಿಲ್ಲುತ್ತದೆ ಎನ್ನುವುದಕ್ಕೆ ಉಬಿನ್‌ಗಿಂತ ಒಳ್ಳೆಯ ಸಾಕ್ಷಿ ಕಡಿಮೆ.

ಆಚೆ ದಡದಲ್ಲಿ, ಅಂದರೆ ಸಿಂಗಪುರದ ಮುಖ್ಯ ದ್ವೀಪದಲ್ಲಿ, 1960ರ ದಶಕದಿಂದ ಹಳ್ಳಿಗಳನ್ನು ತೆರವು ಮಾಡಿ ಜನರನ್ನು ಸರ್ಕಾರಿ ಫ್ಲಾಟ್‌ಗಳಿಗೆ ಕಳಿಸುತ್ತಾ ಹೋದರು. ಸಾಲದ್ದಕ್ಕೆ ಸಮುದ್ರಕ್ಕೆ ಮಣ್ಣು ತುಂಬಿದರು. 1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರ್ ಇದ್ದ ದೇಶ ಈಗ 730 ದಾಟಿದೆ. ಆ ಮಣ್ಣು ಉಬಿನ್‌ಗೂ ಬರುವುದರಲ್ಲಿತ್ತು. ದ್ವೀಪದ ಪೂರ್ವ ತುದಿಯ ಚೆಕ್ ಜಾವಾ ಎಂಬ ತೀರವನ್ನು ತುಂಬಿ ನೆಲ ಮಾಡುವ ಯೋಜನೆ 1992ರಿಂದಲೂ ಕಾಗದದ ಮೇಲಿತ್ತು. ಕೆಲಸ ಶುರುವಾಗಬೇಕಿದ್ದದ್ದು 2001ರ ಕೊನೆಗೆ.

2000ದ ಡಿಸೆಂಬರ್‌ನಲ್ಲಿ ಸಸ್ಯತಜ್ಞರೊಬ್ಬರು ಶಾಲಾ ಮಕ್ಕಳನ್ನು ಇಳಿತದ ಹೊತ್ತಿಗೆ ಅಲ್ಲಿಗೆ ಕರೆದುಕೊಂಡು ಹೋದರು. ನೀರು ಸರಿದಾಗ ಕಂಡದ್ದನ್ನು ನೋಡಿ ಅವರೇ ಬೆರಗಾದರು. ಮರಳು ದಡ, ಬಂಡೆ ದಡ, ಕಡಲಹುಲ್ಲಿನ ಬಯಲು, ಹವಳದ ಚೂರಿನ ಹಾಸು, ಕಾಂಡ್ಲಾ (ಮ್ಯಾಂಗ್ರೋವ್), ಕರಾವಳಿ ಕಾಡು, ಹೀಗೆ ಆರು ಬಗೆಯ ನೆಲೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸುದ್ದಿ ಹರಡಿತು. ಮ್ಯೂಸಿಯಂ ತಜ್ಞರ ಜೊತೆ ಸ್ವಯಂಸೇವಕರು ಸೇರಿ ಅಲ್ಲಿಯ ಜೀವಿಗಳನ್ನು ದಾಖಲಿಸಿದರು. ಜನ ಸಾಲುಗಟ್ಟಿ ನೋಡಲು ಬಂದರು, ಸರ್ಕಾರಕ್ಕೆ ಪತ್ರ ಬರೆದರು. 2001ರ ಡಿಸೆಂಬರ್‌ನಲ್ಲಿ ಸರ್ಕಾರ ಯೋಜನೆಯನ್ನು ಮುಂದೂಡಿತು.

ಗಮನಿಸಿ, ಮುಂದೂಡಿತು. ರದ್ದು ಮಾಡಲಿಲ್ಲ. ನೆಲ ಬೇಕಾಗುವ ತನಕ ಮುಟ್ಟುವುದಿಲ್ಲ ಎಂಬ ಮಾತು ಅದು. ಸಿಂಗಪುರದಲ್ಲಿ ಕಾನೂನಿನ ರಕ್ಷಣೆ ಇರುವ ನೇಚರ್ ರಿಸರ್ವ್‌ಗಳು ನಾಲ್ಕು: ಬುಕಿತ್ ತಿಮಾ, ಸೆಂಟ್ರಲ್ ಕ್ಯಾಚ್‌ಮೆಂಟ್, ಸುಂಗೈ ಬುಲೋ, ಲ್ಯಾಬ್ರಡಾರ್. ಉಬಿನ್ ಆ ಪಟ್ಟಿಯಲ್ಲಿಲ್ಲ. ಚೆಕ್ ಜಾವಾದಲ್ಲಿ 2007ರಲ್ಲಿ ಒಂದು ಕಿಲೋಮೀಟರ್‌ಗೂ ಉದ್ದದ ಕಾಲುಹಾದಿ ಸೇತುವೆ ಕಟ್ಟಿದ್ದಾರೆ, ನೋಟದ ಗೋಪುರ ಇದೆ, 1930ರ ದಶಕದ ಹಳೇ ಬಂಗಲೆಯೊಂದನ್ನು ದುರಸ್ತಿ ಮಾಡಿ ಮಾಹಿತಿ ಕೇಂದ್ರ ಮಾಡಿದ್ದಾರೆ. ಎಲ್ಲ ಚೆನ್ನಾಗಿದೆ. ಆದರೂ ಆ ತೀರ ನಿಂತಿರುವುದು ಜನರ ಪ್ರೀತಿ ಮತ್ತು ಸರ್ಕಾರದ ಸದ್ಯದ ಮನಸ್ಸಿನ ಮೇಲೆ. ನನಗೆ ಇದು ಸಾಲದು ಅನ್ನಿಸುತ್ತದೆ.

ಇನ್ನೊಂದು ಮಾತು. ಮಣ್ಣಿನಿಂದ ಪಾರಾದ ಚೆಕ್ ಜಾವಾಕ್ಕೆ 2007ರ ಆರಂಭದಲ್ಲಿ ಬೇರೆ ಕಡೆಯಿಂದ ಪೆಟ್ಟು ಬಿತ್ತು. ಜೋಹೋರ್ ಕಡೆ ವಿಪರೀತ ಮಳೆಯಾಗಿ ಅಲ್ಲಿಯ ನದಿಯ ಸಿಹಿನೀರು ನಡುವಿನ ಜಲಸಂಧಿಗೆ ನುಗ್ಗಿತು. ನೀರಿನ ಉಪ್ಪಂಶ ಕುಸಿದು ನಕ್ಷತ್ರಮೀನು, ಕಡಲಸೌತೆ, ಸ್ಪಂಜುಗಳು ರಾಶಿಗಟ್ಟಲೆ ಸತ್ತವು. ಆಮೇಲೆ ನಿಧಾನವಾಗಿ ಚೇತರಿಕೆ ಕಂಡಿತು. ದ್ವೀಪಕ್ಕೆ ಬೇಲಿ ಹಾಕಬಹುದು, ಅದರ ಸುತ್ತಲಿನ ನೀರಿಗೆ ಹಾಕೋಕಾಗಲ್ಲ. ನದಿ ಇನ್ನೊಂದು ದೇಶದ್ದಾದರೆ ಅಲ್ಲಿಯವರ ಜೊತೆಗೂ ಮಾತಾಡಬೇಕಾಗುತ್ತದೆ.

ಪ್ರಶ್ನೆ: ಅಲ್ಲೀಗ ಕೆಲವೇ ಮನೆಗಳಲ್ಲಿ ಜನ ಇದ್ದಾರಂತೆ, ಅದೂ ವಯಸ್ಸಾದವರು. ಹಾಗಾದರೆ ಹಳ್ಳಿ ಉಳಿದಿದೆ ಎನ್ನುವುದು ಪ್ರವಾಸಿಗರಿಗೆ ತೋರಿಸುವ ನಾಟಕ ಅಲ್ವಾ? ಕರೆಂಟು, ನಲ್ಲಿ ನೀರು, ಸೇತುವೆ ಕೊಟ್ಟಿದ್ದರೆ ಜನ ಉಳಿಯುತ್ತಿರಲಿಲ್ಲವೇ?

ನಾಟಕ ಎನ್ನುವುದು ಖಾರ ಜಾಸ್ತಿ ಆಯಿತು. ಆದರೆ ನಿಮ್ಮ ಅನುಮಾನ ಸುಳ್ಳಲ್ಲ.

ಒಂದು ಕಾಲಕ್ಕೆ ಅಲ್ಲಿ ಸುಮಾರು ಎರಡು ಸಾವಿರ ಜನರಿದ್ದರು. ಮಲಯ್ ಹಳ್ಳಿಗಳಿದ್ದವು, ಚೀನೀ ಹಳ್ಳಿಗಳಿದ್ದವು. ಈಗಿರುವವರು ಕೆಲವೇ ಡಜನ್. ಯಾರೂ ಒಂದೇ ದಿನ ಅವರನ್ನು ಓಡಿಸಲಿಲ್ಲ. ಕ್ವಾರಿಗಳು ಒಂದೊಂದಾಗಿ ಮುಚ್ಚಿದವು, ಕೂಲಿ ಹೋಯಿತು. ಕೂಲಿ ಹೋದ ಮೇಲೆ ಹರೆಯದವರು ಆಚೆ ದಡಕ್ಕೆ ಹೋದರು. ಅವರ ಹಿಂದೆ ಮಕ್ಕಳು. ಮಕ್ಕಳಿಲ್ಲದೆ ಊರಿನ ಬಿನ್ ಕಿಯಾಂಗ್ ಶಾಲೆ 1985ರಲ್ಲಿ ಮುಚ್ಚಿತು. ಶಾಲೆ ಮುಚ್ಚಿದ ಊರಿಗೆ ಹೊಸ ಸಂಸಾರ ಬರುವುದಿಲ್ಲ. ನನ್ನ ಮಟ್ಟಿಗೆ ಉಬಿನ್ ಹಳ್ಳಿಯ ನಿಜವಾದ ತಿರುವು ಆ ವರ್ಷ. ಚೆಕ್ ಜಾವಾ ಗೆದ್ದ 2001 ಎಲ್ಲರಿಗೂ ನೆನಪಿದೆ, 1985ನ್ನು ಯಾರೂ ಎತ್ತುವುದಿಲ್ಲ.

ಇದರ ಮೇಲೆ ನೆಲದ ಪ್ರಶ್ನೆ. ಅಲ್ಲಿಯ ಬಹುಪಾಲು ನೆಲ ಸರ್ಕಾರದ್ದು. ಅಜ್ಜನ ಕಾಲದಿಂದ ಇದ್ದರೂ ಮನೆ ಕೆಳಗಿನ ಮಣ್ಣು ತಮ್ಮದಲ್ಲ. 2013ರಲ್ಲಿ ಕೆಲವು ಮನೆಗಳಿಗೆ ತೆರವಿನ ಮಾತಿರುವ ನೋಟಿಸ್ ಬಂದಾಗ ಒಕ್ಕಲೆಬ್ಬಿಸುತ್ತಾರೆ ಎಂದು ದೊಡ್ಡ ಗುಲ್ಲೆದ್ದಿತು. ಯಾರನ್ನೂ ಎಬ್ಬಿಸುವುದಿಲ್ಲ, ಇರಬೇಕೆಂದರೆ ಪರವಾನಗಿ ಶುಲ್ಕ ಕಟ್ಟಬೇಕು ಎಂದು ಸರ್ಕಾರ ಸ್ಪಷ್ಟನೆ ಕೊಟ್ಟಿತು. ಆದರೆ ಯೋಚಿಸಿ, ಪರವಾನಗಿಯ ಮೇಲೆ ನಿಂತಿರುವ ಮನೆಗೆ ಯಾರು ಹೊಸ ಮಾಡು ಹಾಕಿಸುತ್ತಾರೆ? ಮಗ ಯಾವ ಧೈರ್ಯದ ಮೇಲೆ ಕೆಲಸ ಬಿಟ್ಟು ವಾಪಸ್ ಬರುತ್ತಾನೆ?

ಆ ಗುಲ್ಲಿನಿಂದ ಒಂದು ಒಳ್ಳೆಯದೂ ಆಯಿತು. 2014ರಲ್ಲಿ ಉಬಿನ್ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಸಾರ್ವಜನಿಕರ ಸಲಹೆ ಕೇಳಲು ಶುರು ಮಾಡಿದರು. ಊರವರು, ಪರಿಸರದವರು, ಇತಿಹಾಸದವರು, ಅಧಿಕಾರಿಗಳು ಒಟ್ಟಿಗೆ ಕೂರುವ ಫ್ರೆಂಡ್ಸ್ ಆಫ್ ಉಬಿನ್ ನೆಟ್‌ವರ್ಕ್ ಹುಟ್ಟಿತು. ಆಮೇಲೆ ದ್ವೀಪದ ಉಸ್ತುವಾರಿ ಸಿಂಗಪುರದ ರಾಷ್ಟ್ರೀಯ ಉದ್ಯಾನ ಮಂಡಳಿಯ ಕೈಗೆ ಬಂತು. ಇದು ಸಣ್ಣ ಬದಲಾವಣೆಯಲ್ಲ. ಮೊದಲು ಬಾವಿಗೆ ಒಂದು ಇಲಾಖೆ, ರಸ್ತೆಗೆ ಇನ್ನೊಂದು, ನೆಲಕ್ಕೆ ಮತ್ತೊಂದು ಎಂದು ಅಲೆಯಬೇಕಿತ್ತು. ಹಳೆಯ ಮನೆಗಳನ್ನು ದುರಸ್ತಿ ಮಾಡುವ ಕೆಲಸವೂ ನಡೆದಿದೆ.

ಈಗ ಕರೆಂಟು, ಸೇತುವೆ. ದ್ವೀಪಕ್ಕೆ ಇವತ್ತಿಗೂ ನಗರದ ವಿದ್ಯುತ್ ಜಾಲದ ಸಂಪರ್ಕವಿಲ್ಲ. ಮನೆಗಳಿಗೆ ಡೀಸೆಲ್ ಜನರೇಟರ್, ನೀರಿಗೆ ಬಾವಿ. 2013ರಿಂದ ದೋಣಿಕಟ್ಟೆಯ ಸುತ್ತ ಸೌರ ಫಲಕವನ್ನೂ ಬಳಸುವ ಒಂದು ಸಣ್ಣ ಸ್ಥಳೀಯ ವಿದ್ಯುತ್ ಜಾಲದ, ಅಂದರೆ ಮೈಕ್ರೋಗ್ರಿಡ್‌ನ ಪ್ರಯೋಗ ನಡೆದಿದೆ. ಇಂಥದ್ದನ್ನು ಒಳಗಿನ ಮನೆಗಳಿಗೂ ಒಯ್ಯಬೇಕು ಎನ್ನುವುದು ನನ್ನ ಅಭಿಪ್ರಾಯ. ಜನರೇಟರ್‌ನ ಸದ್ದು ಮತ್ತು ಡೀಸೆಲ್ ಖರ್ಚು ಹಳ್ಳಿಯ ಸೊಬಗಿನ ಭಾಗವೇನೂ ಅಲ್ಲ. ಬಾವಿ ನೀರು ಸೇದುವ ಅಜ್ಜಿಯ ಫೋಟೋ ನಮಗೆ ಚೆಂದ, ಸೇದುವ ಅಜ್ಜಿಯ ಸೊಂಟಕ್ಕಲ್ಲ.

ಸೇತುವೆ ಮಾತ್ರ ಬೇಡ. ಚಾಂಗಿಯ ದೋಣಿ ಹನ್ನೆರಡು ಜನ ಆದರೆ ಹೊರಡುತ್ತದೆ, ಇಲ್ಲವಾದರೆ ಕಾಯುತ್ತದೆ. ಯಾವ ಕಾನೂನಿನಲ್ಲೂ ಬರೆಯದೆ ದ್ವೀಪಕ್ಕೆ ಸಿಕ್ಕಿರುವ ದೊಡ್ಡ ರಕ್ಷಣೆ ಈ ದೋಣಿಯೇ. ಸೇತುವೆ ಬಂದ ದಿನ ಕಾರು ಬರುತ್ತದೆ, ಕಾರಿನ ಹಿಂದೆ ಪಾರ್ಕಿಂಗ್, ಪಾರ್ಕಿಂಗ್ ಹಿಂದೆ ಹೋಟೆಲ್. ಆದರೆ ಅದೇ ದೋಣಿ ಊರವರಿಗೆ ಕಷ್ಟವೂ ಹೌದು. ರಾತ್ರಿ ಎದೆನೋವು ಬಂದವರಿಗೆ ಹನ್ನೆರಡು ಜನ ಸೇರುವ ತನಕ ಕಾಯಿ ಅನ್ನಲಾಗುತ್ತದೆಯೇ? ಅದಕ್ಕೆ ಪರಿಹಾರ ಸೇತುವೆಯಲ್ಲ. ಊರವರ ತುರ್ತಿಗೆ ಹೊತ್ತಿಲ್ಲದ ಹೊತ್ತಲ್ಲೂ ಹೊರಡುವ ದೋಣಿ ಇರಬೇಕು, ಅದರ ಖರ್ಚು ಸರ್ಕಾರದ್ದಾಗಬೇಕು. ಪ್ರವಾಸಿಗೆ ನಿಧಾನ, ನಿವಾಸಿಗೆ ವೇಗ. ಎರಡಕ್ಕೂ ಒಂದೇ ವ್ಯವಸ್ಥೆ ಮಾಡಲು ಹೋದರೆ ಯಾರಿಗೋ ಒಬ್ಬರಿಗೆ ಅನ್ಯಾಯವಾಗುತ್ತದೆ.

ಜನ ವಾಪಸ್ ಬರಬೇಕೆಂದರೆ ನಾನು ಎರಡನ್ನೇ ಕೇಳುತ್ತೇನೆ. ಹಳೆಯ ಮನೆತನದ ಮುಂದಿನ ತಲೆಮಾರಿಗೆ ದೀರ್ಘ ಕಾಲದ ಗೇಣಿ. ಮತ್ತೆ, ದ್ವೀಪದ ಮೇಲೆಯೇ ಸಂಬಳದ ಕೆಲಸ: ಕಾಡಿನ ಉಸ್ತುವಾರಿ, ಮಾರ್ಗದರ್ಶನ, ಮನೆ ದುರಸ್ತಿ. ದೋಣಿ ನಡೆಸುವವರು, ಸೈಕಲ್ ಬಾಡಿಗೆ ಕೊಡುವವರು ಈಗಲೂ ಇದ್ದಾರೆ. ಮೇ ತಿಂಗಳ ವೇಸಾಕ್ (ಬುದ್ಧ ಪೂರ್ಣಿಮೆ) ಹೊತ್ತಿಗೆ ಚೀನೀ ದೇವಸ್ಥಾನದ ಉತ್ಸವ ನಡೆಯುತ್ತದೆ, ರಂಗಮಂಚದ ಮೇಲೆ ಆಟ ಆಡುತ್ತಾರೆ, ಆಚೆ ದಡದಲ್ಲಿ ನೆಲೆಸಿದವರೂ ಬರುತ್ತಾರೆ. ಅಂದರೆ ಊರಿನ ಮೇಲಿನ ಆಸೆ ಸತ್ತಿಲ್ಲ. ಉತ್ಸವ ಮುಗಿದ ರಾತ್ರಿ ಅಲ್ಲೇ ಮಲಗುವವರ ಸಂಖ್ಯೆ ಏರಬೇಕು, ಅಷ್ಟೆ.

ಪ್ರಶ್ನೆ: ನಾನು ಸಿಂಗಪುರದಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಕಚೇರಿಯವರು ಉಬಿನ್‌ನಲ್ಲಿ ಕಾಂಡ್ಲಾ ಸಸಿ ನೆಡೋಣ ಎನ್ನುತ್ತಿದ್ದಾರೆ. ಒಂದು ದಿನದಲ್ಲಿ ಎಷ್ಟು ನೆಡಬಹುದು?

ನೆಡುವುದಕ್ಕಿಂತ ಮೊದಲು, ಅಲ್ಲಿ ಕಾಂಡ್ಲಾ ಯಾಕಿಲ್ಲ ಎಂದು ಕೇಳಿ.

ಕಾಂಡ್ಲಾ ಗಿಡಕ್ಕೆ ಬೀಜದ ಕೊರತೆ ಇರುವುದು ಕಡಿಮೆ. ಹಲವು ಜಾತಿಗಳ ಬೀಜ ತಾಯಿಗಿಡದ ಮೇಲೇ ಮೊಳೆತು, ಉದುರಿ, ತೇಲಿ, ತಾನೇ ಜಾಗ ಹುಡುಕುತ್ತದೆ. ಬೆಳೆಯುತ್ತಿಲ್ಲ ಎಂದರೆ ಸಾಮಾನ್ಯವಾಗಿ ನೀರಿನ ಲೆಕ್ಕ ತಪ್ಪಿದೆ. ಗಿಡದ ಬೇರು ಭರತದಲ್ಲಿ (ಉಬ್ಬರದಲ್ಲಿ) ಮುಳುಗಬೇಕು, ಇಳಿತದಲ್ಲಿ ಉಸಿರಾಡಬೇಕು. ಸದಾ ಮುಳುಗಿದ್ದರೆ ಕೊಳೆಯುತ್ತದೆ.

ಉಬಿನ್‌ನಲ್ಲಿ ಆಗಿದ್ದು ಇದೇ. ಸಿಗಡಿ ಸಾಕಲು ಕಾಂಡ್ಲಾ ಕಡಿದು ಒಡ್ಡು ಕಟ್ಟಿ ಕೊಳ ಮಾಡಿದರು. ಉಬ್ಬರದ ತೊರೆಗಳಿಂದ ಬೇರೆಯಾಗಿದ್ದ ದ್ವೀಪದ ತುಂಡುಗಳು ಈ ಒಡ್ಡುಗಳಿಂದಲೇ ಒಂದಕ್ಕೊಂದು ಸೇರಿದವು. ಸಾಕಣೆ ನಿಂತ ಮೇಲೂ ಒಡ್ಡು ನಿಂತಿತು, ನೀರು ಸರಾಗವಾಗಿ ಹೋಗಿ ಬರುವುದು ತಪ್ಪಿತು. ರೆಸ್ಟೋರ್ ಉಬಿನ್ ಮ್ಯಾಂಗ್ರೋವ್ಸ್ ಎಂಬ ಸ್ವಯಂಸೇವಕ ಗುಂಪು ಅದಕ್ಕೇ ಸಸಿಯಿಂದ ಶುರು ಮಾಡುವುದಿಲ್ಲ. ಮೊದಲು ನೆಲದ ಎತ್ತರ ಅಳೆಯುವುದು, ನೀರು ಎಲ್ಲಿ ತಡೆಯುತ್ತಿದೆ ನೋಡುವುದು, ಆ ತಡೆ ಬಿಡಿಸಿದರೆ ಬೀಜ ತಾನೇ ಬರುತ್ತದೋ ಎಂದು ಲೆಕ್ಕ ಹಾಕುವುದು ಅವರ ಹಾದಿ. ನೆಡುವುದು ಕೊನೆಯ ಉಪಾಯ. ನಿಮ್ಮ ಕಚೇರಿಯವರು ಅವರ ಜೊತೆ ಸೇರಿ ಅಳತೆ ಮಾಡಲಿ, ಕಸ ಎತ್ತಲಿ. ಫೋಟೋ ಅಷ್ಟು ಚೆನ್ನಾಗಿ ಬರಲ್ಲ, ಕೆಲಸ ಚೆನ್ನಾಗಿ ಆಗುತ್ತದೆ.

ಮಂಗಟ್ಟೆ ಹಕ್ಕಿಯ ಕಥೆಯೂ ಹೀಗೇ. ಕಪ್ಪುಬಿಳುಪಿನ ಓರಿಯೆಂಟಲ್ ಪೈಡ್ ಮಂಗಟ್ಟೆ 19ನೇ ಶತಮಾನದಲ್ಲೇ ಸಿಂಗಪುರದಿಂದ ಕಣ್ಮರೆಯಾಗಿತ್ತು. 1994ರಲ್ಲಿ ಉಬಿನ್‌ನಲ್ಲಿ ಮತ್ತೆ ಕಾಣಿಸಿತು. ಯಾರೂ ತಂದು ಬಿಟ್ಟದ್ದಲ್ಲ. ಆದರೆ ಗೂಡು ಮಾಡಲು ಪೊಟರೆ ಇರುವ ಹಳೇ ಮರಗಳು ಸಾಲದಾಗಿದ್ದವು. ಹೆಣ್ಣು ಹಕ್ಕಿ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಸಣ್ಣ ಸೀಳು ಬಿಟ್ಟು ಮುಚ್ಚಿಕೊಳ್ಳುತ್ತದೆ, ಗಂಡು ಸೀಳಿನಿಂದ ತುತ್ತು ಕೊಡುತ್ತದೆ. ಹಾಗಾಗಿ ಅದಕ್ಕೆ ದೊಡ್ಡ ಪೊಟರೆಯೇ ಬೇಕು. ತಜ್ಞರು ಮರದ ಮೇಲೆ ಗೂಡುಪೆಟ್ಟಿಗೆ ಕಟ್ಟಿದರು. ಹಕ್ಕಿಗಳು ಒಪ್ಪಿಕೊಂಡವು. ಈಗ ಮುಖ್ಯ ದ್ವೀಪದ ಉದ್ಯಾನಗಳಲ್ಲೂ ಅವು ಸಾಮಾನ್ಯ. ಕೊರತೆ ಯಾವುದೆಂದು ಸರಿಯಾಗಿ ಗುರುತಿಸಿದ್ದರಿಂದ ಒಂದು ಪೆಟ್ಟಿಗೆ ಸಾಕಾಯಿತು.

ಪ್ರಶ್ನೆ: ನಾವು ಹೋಗುವುದರಿಂದಲೇ ಹಾಳಾಗುತ್ತದೆ ಎಂದರೆ, ಹೋಗದಿರುವುದೇ ಒಳ್ಳೆಯದಾ?

ಹೋಗಿ. ಜನ ನೋಡಿದ್ದರಿಂದಲೇ ಚೆಕ್ ಜಾವಾ ಉಳಿದದ್ದು.

ಶನಿವಾರ, ಭಾನುವಾರ ಬಿಟ್ಟು ಹೋದರೆ ಒಳ್ಳೆಯದು. ಚೆಕ್ ಜಾವಾಕ್ಕೆ ಇಳಿತದ ವೇಳೆ ನೋಡಿಕೊಂಡು ಹೋಗಿ, ಭರತದಲ್ಲಿ ಬರೀ ನೀರು ಕಾಣುತ್ತದೆ. ಸೈಕಲ್ಲನ್ನು ಕಾಲುಹಾದಿಯ ಹೊರಗೇ ನಿಲ್ಲಿಸಬೇಕು. ಕಾಡುಹಂದಿ, ಕೋತಿಗಳಿಗೆ ತಿಂಡಿ ಹಾಕಬೇಡಿ. ತಿಂಡಿಯ ರುಚಿ ಹತ್ತಿದ ಹಂದಿ ಮರುದಿನ ಊರವರ ಅಂಗಳಕ್ಕೆ ನುಗ್ಗುತ್ತದೆ, ಆಗ ಬೈಗುಳ ಹಂದಿಗೆ. ಊಟ, ಎಳನೀರು, ಸೈಕಲ್ ಬಾಡಿಗೆಯ ದುಡ್ಡನ್ನು ದ್ವೀಪದಲ್ಲೇ ಖರ್ಚು ಮಾಡಿ. ಮನೆಗಳ ಫೋಟೋ ತೆಗೆಯುವ ಮುನ್ನ ಕೇಳಿ. ಕತ್ತಲಾದ ಮೇಲೆ ದೋಣಿ ತುಂಬುವಷ್ಟು ಜನ ಸಿಗುವುದು ಕಷ್ಟ, ಆದ್ದರಿಂದ ಬೆಳಕಿರುವಾಗಲೇ ದೋಣಿಕಟ್ಟೆಗೆ ಬಂದುಬಿಡಿ.