ಸಂಪಾದಕರ ಉತ್ತರ: ಪೋಕರ್ ಮೇಜಿನಲ್ಲಿ ಮೊಬೈಲ್ ಕರೆ

ಕ್ಯಾತ್ಸಂದ್ರದ ಕೊಬ್ಬರಿ ವ್ಯಾಪಾರಿಯೊಬ್ಬರು ಹೀಗೆ ಬರೆದಿದ್ದಾರೆ: ಗೋವಾದಲ್ಲಿ ಪೋಕರ್ ಎಂಬ, ಹಣ ಕಟ್ಟಿ ಆಡುವ ಇಸ್ಪೀಟಾಟದ ಕೋಣೆಯೊಂದರಲ್ಲಿ ಎರಡು ರಾಜ ಹಿಡಿದು ಕುಳಿತಿದ್ದಾಗ ತಿಪಟೂರಿನ ಮಂಡಿಯಿಂದ ಕರೆ ಬಂತು, ‘ಆಮೇಲೆ ಮಾಡ್ತೀನಿ’ ಎಂದಷ್ಟೇ ಹೇಳಿ ಇಟ್ಟರೂ ಎಲೆ ಹಂಚುವವರು ಅವರ ಎಲೆಗಳನ್ನು ಎಳೆದುಕೊಂಡು ಆ ಆಟದಿಂದ ಹೊರಗಿಟ್ಟರು, ಅದೇ ಮೇಜಿನ ಹಳೆಯ ಗಿರಾಕಿ ಮಾತನಾಡಿದಾಗ ಎಚ್ಚರಿಕೆಯಷ್ಟೇ ಸಿಕ್ಕಿತು. ಇದು ನ್ಯಾಯವೇ?

ಮಾನ್ಯರೇ, ತಮ್ಮ ಎಲೆ ಕಿತ್ತುಕೊಂಡದ್ದು ಸರಿ ಎಂದೇ ನಾನು ಹೇಳಬೇಕಾಗಿದೆ. ಒಂದು ಕೈಗೆ, ಅಂದರೆ ಒಬ್ಬರಿಗೆ ಹಂಚಿದ ಎಲೆಗಳಿಗೆ, ಒಬ್ಬನೇ ಆಟಗಾರ, ಬೇರೆಯವರ ಸಲಹೆ ಸಲ್ಲದು ಎಂಬುದು ಪೋಕರಿನ ಮೂಲ ನಿಯಮ. ನಮ್ಮ ಹಳ್ಳಿಯ ಅರಳಿಕಟ್ಟೆಯಲ್ಲಿ ಇಸ್ಪೀಟಾಡುವಾಗ ಹಿಂದೆ ನಿಂತವರು ಬಾಯಿ ಬಿಟ್ಟರೆ ಎಲ್ಲರೂ ರೇಗುತ್ತಿದ್ದದ್ದು ಇದೇ ಕಾರಣಕ್ಕೆ. ಹಿಂದೆ ನಿಂತವರು ಕಣ್ಣಿಗೆ ಕಾಣುತ್ತಾರೆ, ಫೋನಿನ ಆ ಬದಿಯಲ್ಲಿರುವವರು ಕಾಣುವುದಿಲ್ಲ. ಕರೆ ಮಂಡಿಯಿಂದ ಬಂದದ್ದೋ, ಎದುರಾಳಿಯ ಎಲೆ ಕಂಡ ಸ್ನೇಹಿತನಿಂದಲೋ ಎಂಬುದನ್ನು ಎಲೆ ಹಂಚುವವರು ತಿಳಿಯುವ ದಾರಿಯೇ ಇಲ್ಲ. ಎಲೆ ಮತ್ತು ಪಣದ ಮೊತ್ತವನ್ನು ತುಂಬಿದರೆ ಮುಂದುವರಿಯಬೇಕೇ, ಬಿಡಬೇಕೇ ಎಂದು ಲೆಕ್ಕ ಹಾಕಿ ಹೇಳುವ ತಂತ್ರಾಂಶಗಳು ಈಗ ಜೇಬಿನಲ್ಲೇ ಇರುತ್ತವೆ. ಹೊರಗಿನಿಂದ ಬಂದ ಒಂದು ಮಾತು ಕೊಬ್ಬರಿ ಹರಾಜಿನಲ್ಲಿ ಎಷ್ಟು ಬೆಲೆ ಬಾಳುತ್ತದೆ ಎಂಬುದನ್ನು ತಮಗೆ ನಾನು ವಿವರಿಸಬೇಕಾಗಿಲ್ಲ.

ಲಾಸ್ ವೇಗಸ್‌ನ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯವನ್ನು 2024ರಲ್ಲಿ ಜೊನಾಥನ್ ತಮಾಯೊ ಗೆದ್ದು 1 ಕೋಟಿ ಡಾಲರ್ ಪಡೆದಾಗ, ಪ್ರೇಕ್ಷಕರ ಕಟಕಟೆಯ ಆಚೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಗೆಳೆಯರ ಬಳಿ ಅವರು ಆಟದ ನಡುವೆ ಹೋಗಿ ಮಾತನಾಡಿದ್ದು ದೊಡ್ಡ ವಿವಾದವಾಯಿತು. ಅವರಿಗೆ ಶಿಕ್ಷೆಯೇನೂ ಆಗಲಿಲ್ಲ. ಆದರೂ ಗೆಲುವಿನ ಜೊತೆಗೆ ಆ ಲ್ಯಾಪ್‌ಟಾಪಿನ ಮಾತೂ ಅಂಟಿಕೊಂಡಿತು. ಚದುರಂಗದವರು ಇದಕ್ಕಿಂತ ಕಟ್ಟುನಿಟ್ಟು: 2003ರಲ್ಲಿ ಬಲ್ಗೇರಿಯದ ಪ್ಲಾವ್ಡಿವ್‌ನಲ್ಲಿ ಫೋನು ರಿಂಗಾಯಿತೆಂಬ ಒಂದೇ ಕಾರಣಕ್ಕೆ, ವಿಶ್ವ ಪಟ್ಟ ಗೆದ್ದಿದ್ದ ಪೊನೊಮಾರಿಯೊವ್ ಆ ಆಟವನ್ನು ಸೋತರು.

ಆದರೆ ತಮ್ಮ ಎರಡನೆಯ ದೂರು ನನ್ನನ್ನು ನಿಜಕ್ಕೂ ನೋಯಿಸಿತು. ದಿನವೂ ಬರುವವರಿಗೆ ಎಚ್ಚರಿಕೆ, ತುಮಕೂರಿನಿಂದ ಒಂದು ದಿನ ಬಂದವರಿಗೆ ದಂಡ ಎಂದಾದರೆ ಅದನ್ನು ಶಿಸ್ತು ಎನ್ನಲಾಗದು, ಪಕ್ಷಪಾತ ಎನ್ನಬೇಕು. ಮೊದಲ ತಪ್ಪಿಗೆ ಎಚ್ಚರಿಕೆ ಎಂಬ ಪದ್ಧತಿಯೂ ಹಲವೆಡೆ ಇದೆ, ಅದನ್ನು ನಾನು ತಪ್ಪೆನ್ನುವುದಿಲ್ಲ. ಯಾವುದೇ ಆಗಲಿ, ಬಾಗಿಲಲ್ಲೇ ಬರೆದು ಹಾಕಿ, ಕುಳಿತ ಎಲ್ಲರಿಗೂ ಒಂದೇ ಸಮನಾಗಿ ನಡೆಸಬೇಕು. ಎಲೆ ಕಳೆದುಕೊಂಡದ್ದನ್ನು ಬಿಟ್ಟು ಈ ಭೇದವನ್ನಷ್ಟೇ ಹಿಡಿದು, ದಿನಾಂಕ, ಸಮಯ, ಮೇಜಿನ ಸಂಖ್ಯೆ ನಮೂದಿಸಿ ಕೋಣೆಯ ವ್ಯವಸ್ಥಾಪಕರಿಗೆ ತಾವು ಪತ್ರ ಬರೆಯಿರಿ. ಅವರು ಕೊಡುವ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕಲು ನಾವು ಸಿದ್ಧ.